ನಕಾಶೆಯಲ್ಲಿರೋ ದಾರಿ, ನೇಗಿಲ ಕೆಳಗಿರೋ ದಾರಿ



ಪೋಸ್ಟು ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಹೋದ ವಾರ ಮೊಳಕಾಲ್ಮೂರು ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ನಮ್ಮ ಹೊಲಕ್ಕೆ ಹೋಗೋ ಬಂಡಿದಾರೀನ ಟ್ರ್ಯಾಕ್ಟರಲ್ಲಿ ಉತ್ತು ಈರುಳ್ಳಿ ಹಾಕವ್ರೆ. ಇದಕ್ಕೆ ಕಂಪ್ಲೇಂಟ್ ಕೊಡೋಕೆ ಬರ್ತದಾ?" ಅಂದ. ಬರ್ತದೆ ಅಂದೆ. ಆದ್ರೆ ಅದು ಫೋನಲ್ಲಿ ಹೇಳಿ ಮುಗಿಸೋ ಮಾತಲ್ಲ. ಈ ದಾರಿಗಳಿಗೆ ಒಂದು ಚರಿತ್ರೆ ಇದೆ. ಅದರಲ್ಲಿ ನಮ್ಮಪ್ಪನ ಕಥೆಯೂ ಸೇರಿದೆ.

ನಮ್ಮ ಸೀಮೆಯ ದಾರಿಗಳು ನಿನ್ನೆ ಮೊನ್ನೆಯವಲ್ಲ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಪತ್ತೆ ಮಾಡಿದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಸಂದೇಶ ಅದು. ಅಂದ್ರೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಇಲ್ಲಿಗೆ ಜನ ನಡೆದು ಬರೋ ದಾರಿ ಇತ್ತು. ಧಮ್ಮದ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವರಿಗೂ ಸಿಗುತ್ತೆ ಅನ್ನೋದು ಆ ಶಾಸನದ ತಿರುಳು. ದಾರಿ ಬದಿಗೆ ಮರ ನೆಡಿಸಿದ, ಬಾವಿ ತೋಡಿಸಿದ ಅಂತ ಅದೇ ಅಶೋಕನ ಬೇರೆ ಶಾಸನಗಳು ಹೇಳ್ತವೆ. ಮನುಷ್ಯರಿಗೂ ಪ್ರಾಣಿಗಳಿಗೂ ಅಂತ. ಜಾತಿ ಕೇಳಿ ನೆರಳು ಕೊಡಿ ಅಂತ ಎಲ್ಲೂ ಕೆತ್ತಿಸಿಲ್ಲ.

ಈಗಿನ ದಾಖಲೆಯ ದಾರಿ ಶುರುವಾಗೋದು ಬ್ರಿಟಿಷ್ ಕಮಿಷನರ್ ಬೌರಿಂಗ್ ಕಾಲದಲ್ಲಿ. 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಮುಂಬಯಿ ಪದ್ಧತಿಯ ಕಂದಾಯ ಸರ್ವೆ ಆರಂಭವಾಯ್ತು. 33 ಅಡಿ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದ್ರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಹೊಲಗಳನ್ನ ಅಳೆದು ಟಿಪ್ಪಣಿ, ಆಕಾರಬಂದ್, ಗ್ರಾಮ ನಕಾಶೆ ಮಾಡಿದರು. ನಕಾಶೆಯಲ್ಲಿ ಎರಡು ಸಾಲು ಚುಕ್ಕೆ ಗೆರೆ ಇದ್ರೆ ಬಂಡಿದಾರಿ, ಒಂದೇ ಸಾಲಾದ್ರೆ ಕಾಲುದಾರಿ. ದಾರಿಗೆ ಹೋದ ನೆಲಕ್ಕೆ ಕಂದಾಯ ಇಲ್ಲ. ಪಹಣಿಯಲ್ಲಿ ವಿಸ್ತೀರ್ಣದ ಕಾಲಂ ನೋಡಿ, 'ಖರಾಬು ಬಿ' ಅಂತ ಇರುತ್ತೆ. 'ಎ' ಅಂದ್ರೆ ಸಾಗುವಳಿಗೆ ಬಾರದ ನೆಲ. 'ಬಿ' ಅಂದ್ರೆ ದಾರಿ, ಹಳ್ಳ, ಸ್ಮಶಾನ ಇಂಥ ಸಾರ್ವಜನಿಕರ ನೆಲ. ಅದು ಆ ಸರ್ವೆ ನಂಬರಿನ ಒಳಗೇ ಇದ್ದರೂ ಹೊಲದವನ ಸ್ವತ್ತಲ್ಲ.

ಹಾಗಾದ್ರೆ ಅದರ ಮೇಲೆ ಯಾರೂ ಉಳುತ್ತಿರಲಿಲ್ವಾ? ಉಳ್ತಿದ್ರು. ನಮ್ದು ಮಳೆಯಾಶ್ರಿತ ನೆಲ, ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ಸೀಮೆ. ವರ್ಷಕ್ಕೆ ಒಂದೇ ಬೆಳೆ, ಶೇಂಗಾ. ಕೂರಿಗೆ ಹೊಡೆಯುವಾಗ ಸಾಲು ದಾರಿಯ ಮೇಲೂ ಹಾಯ್ತಿತ್ತು. ಆದ್ರೆ ಬಂಡಿ ಓಡಾಡ್ತಾ ಓಡಾಡ್ತಾ ಜಾಡು ಮತ್ತೆ ಬೀಳೋದು. ದೀಪಾವಳಿ ಹೊತ್ತಿಗೆ ಶೇಂಗಾ ಕಿತ್ತರೆ ಮುಂದಿನ ಮಳೆಗಾಲದ ತನಕ ಎಲ್ಲಾ ಹೊಲವೂ ಬಯಲು. ಕುರಿ, ದನ, ಮ್ಯಾಸಬೇಡರ ದೇವರ ಎತ್ತು, ಕೂಲಿ ಹೆಂಗಸರು ಎಲ್ಲಾ ಅಡ್ಡ ಹಾಯ್ದು ಹೋಗೋರು. ಊರೊಳಗೆ ಚಪ್ಪಲಿ ಮೆಟ್ಟಿ ನಡೆಯೋ ಹಾಗಿಲ್ಲದ ಕಾಲದಲ್ಲಿ ನಮ್ಮ ಅಜ್ಜಂದಿರಿಗೆ ಈ ಹೊಲದ ದಾರಿಯೇ ಗತಿಯಾಗಿತ್ತು.

ಆಮೇಲೆ ಬೋರ್‌ವೆಲ್ ಬಂತು. ಈರುಳ್ಳಿ, ಟೊಮೆಟೊ, ದಾಳಿಂಬೆ ಬಂತು. ಹನ್ನೆರಡು ತಿಂಗಳೂ ಬೆಳೆ, ಸುತ್ತ ತಂತಿಬೇಲಿ. ಜಾಡು ಮತ್ತೆ ಬೀಳೋಕೆ ಬಿಡುವೇ ಇಲ್ಲ. ದಾರಿಯ ಎರಡು ಮೂರು ಗುಂಟೆಗೂ ಬೆಲೆ ಬಂತು.

ಇದರಿಂದ ಎಲ್ಲಾ ಜಾತಿಯ ಸಣ್ಣ ರೈತರಿಗೂ ಕಷ್ಟ ಆಗಿದೆ, ಇಲ್ಲ ಅನ್ನಲ್ಲ. ಆದ್ರೆ ನಮಗೆ ಯಾಕೆ ಹೆಚ್ಚು ಅಂತ ಕೇಳಿ. ಕೆರೆ ಕೆಳಗಿನ ನೆಲ, ಊರಿನ ಮಗ್ಗುಲ ನೆಲ ನಮ್ಮೋರಿಗೆ ಸಿಗಲಿಲ್ಲ. ದರಖಾಸ್ತಿನಲ್ಲಿ ಸಿಕ್ಕಿದ್ದು ಊರಂಚಿನ ಸರ್ಕಾರಿ ಬೀಳು, ಗುಡ್ಡದ ಬುಡ. ಅಲ್ಲಿಗೆ ಹೋಗಬೇಕಾದ್ರೆ ಬೇರೆಯವರ ನಾಲ್ಕು ಹೊಲ ದಾಟಲೇಬೇಕು.

ನಮ್ಮಪ್ಪನಿಗೆ ಸಿಕ್ಕ 3 ಎಕರೆಯೂ ಅಂಥದ್ದೇ. ಸಾಗುವಳಿ ಚೀಟೀನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದ. ನಾನು ಹೈಸ್ಕೂಲಲ್ಲಿದ್ದಾಗ ಮುಂದಿನ ಹೊಲದವರು ದಾರಿ ಉತ್ತು ಶೇಂಗಾ ಬಿತ್ತಿದರು. ಅಪ್ಪ ಹೋಗಿ ಕೇಳಿದ್ದಕ್ಕೆ, "ಈ ವರ್ಷ ಬದದ ಮೇಲೆ ಹೋಗ್ಲಾ, ಮುಂದಿನ ವರ್ಷ ಬಿಟ್ಕೊಡ್ತೀನಿ" ಅಂದರು. "ಆಗ್ಲಿ ಸ್ವಾಮಿ" ಅಂತ ಕೈಮುಗಿದು ಬಂದ. ಮುಂದಿನ ವರ್ಷ ಬರಲೇ ಇಲ್ಲ. ಬದದ ಮೇಲೆ ಬಂಡಿ ಹೋಗಲ್ಲ. ಗೊಬ್ಬರ ಅವ್ವನ ತಲೆ ಮೇಲೆ, ಶೇಂಗಾ ಮೂಟೆ ಅಪ್ಪನ ತಲೆ ಮೇಲೆ. ಮೂರು ವರ್ಷ ಹೊತ್ತರು. ನಾಲ್ಕನೇ ವರ್ಷ ಅಪ್ಪ ಹೊಲಾನ ಗುತ್ತಿಗೆಗೆ ಕೊಟ್ಟ. ಯಾರಿಗೆ? ದಾರಿ ಉತ್ತವರಿಗೇ. ಅವರಿಗೆ ಮಾತ್ರ ಆ ಹೊಲಕ್ಕೆ ಬಂಡಿ ಹೊಡ್ಕೊಂಡು ಹೋಗೋಕೆ ಆಗ್ತಿತ್ತು.

ಇಡೀ ಪೋಸ್ಟಿನಲ್ಲಿ ಇದೊಂದನ್ನ ಮರೀಬೇಡಿ. ನಮ್ಮ ಭೂಮಿ ಉಳಿಸೋಕೆ ಅಂತ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಮಂಜೂರಾದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಮಾರೋ ಹಾಗಿಲ್ಲ, ಗುತ್ತಿಗೆಗೂ ಕೊಡೋ ಹಾಗಿಲ್ಲ. ಆದ್ರೆ ದಾರಿ ಮುಚ್ಚೋಕೆ ಕ್ರಯಪತ್ರ ಬೇಡ, ಸಾಕ್ಷಿ ಬೇಡ, ರಿಜಿಸ್ಟ್ರಾರ್ ಬೇಡ. ಎರಡು ಸುತ್ತು ನೇಗಿಲು ಹೊಡೆದರೆ ಸಾಕು, ಹೊಲದ ಯಜಮಾನನೇ ಬಂದು ಬಾಯಿಮಾತಿನ ಗುತ್ತಿಗೆಗೆ ಒಪ್ಕೋತಾನೆ. ಪಹಣಿಯಲ್ಲಿ ಹೆಸರು ಅಪ್ಪಂದು, ಫಸಲು ಇನ್ನೊಬ್ಬರದು. ಯಾವ ಕಾಯ್ದೆಯ ಕಣ್ಣಿಗೂ ಇದು ಬೀಳಲಿಲ್ಲ.

ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಸುಮಾರು 10 ಸಾವಿರ ಎಕರೆಯನ್ನ ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೆ ಕೊಟ್ಟು ಗೋಡೆ ಎದ್ದಾಗ ದನದ ದಾರಿ ಮುಚ್ಚಿತು. ಅದು ಹಸಿರು ನ್ಯಾಯಮಂಡಳಿ ತನಕ ಹೋಯ್ತು, ಪೇಪರಲ್ಲಿ ಬಂತು. ಬರಲೇಬೇಕಿತ್ತು. ಆದ್ರೆ ಒಂದೊಂದು ಊರಲ್ಲಿ ಒಂದೊಂದು ಮನೆಯ ದಾರಿ ಮುಚ್ಚಿದ್ದು ಯಾರಿಗೂ ಸುದ್ದಿಯಾಗಲಿಲ್ಲ.

ಅಪ್ಪ ತೀರಿಕೊಂಡಾಗ ಶೇಂಗಾ ಹೂವಿನಲ್ಲಿತ್ತು. ತನ್ನ ಹೊಲದಲ್ಲೇ ಮಣ್ಣು ಮಾಡಿ ಅಂದಿದ್ದ. ಚಟ್ಟ ಹೊರೋಕೆ ಇಬ್ಬರು ಅಕ್ಕಪಕ್ಕ ನಡೀಬೇಕು, ಬದದ ಮೇಲೆ ಒಬ್ಬನಿಗಷ್ಟೇ ಜಾಗ. ಒಂದು ಕಡೆಯವರು ಬದದ ಮೇಲೆ, ಇನ್ನೊಂದು ಕಡೆಯವರು ಕೆಳಗೆ ಬೆಳೆಯೊಳಗೆ. ಬೆಳೆ ತುಳಿದಿದ್ದಕ್ಕೆ ಆಮೇಲೆ ಮಾತೂ ಕೇಳಿಸ್ಕೊಂಡ್ವಿ. ತಿಥಿ ಮುಗಿದ ಮೇಲೆ ನಾನು ಗ್ರಾಮ ನಕಾಶೆ ನಕಲು ತೆಗೆಸಿದೆ. ಎರಡು ಸಾಲು ಚುಕ್ಕೆ ಗೆರೆ ನಮ್ಮ ಹೊಲದ ತನಕ ನೆಟ್ಟಗೆ ಬಂದಿತ್ತು. ನಾವು ತುಳಿದದ್ದು ಅವರ ಬೆಳೆಯಲ್ಲ, ನಮ್ಮ ದಾರಿ. ಅಪ್ಪನಿಗೆ ಇದು ಗೊತ್ತೇ ಇರಲಿಲ್ಲ. ಬದುಕಿರೋವರೆಗೂ ಅವರ ಉಪಕಾರ ಅಂತ ಕೈಮುಗಿದ.

ಅರ್ಜಿ ಕೊಟ್ಟೆ. ನಾನೂ ಗುಮಾಸ್ತನೇ, ಫೈಲು ಹೇಗೆ ಮಲಗುತ್ತೆ ಅಂತ ಗೊತ್ತು, ಅದಕ್ಕೇ ಬೆನ್ನು ಬಿಡಲಿಲ್ಲ. ಕೊನೆಗೆ ಅಳತೆ ಆಯ್ತು, ಕಲ್ಲು ನೆಟ್ಟರು, ದಾರಿ ಬಿತ್ತು. ಮುಂದಿನ ಮಳೆಗಾಲಕ್ಕೆ ಕಲ್ಲೂ ಇಲ್ಲ, ದಾರಿಯೂ ಇಲ್ಲ. ಎರಡನೇ ಸಲ ನಾನೊಬ್ಬನೇ ಹೋಗಲಿಲ್ಲ, ಆ ದಾರಿ ಬೇಕಾದ ಏಳು ಮನೆಯವರ ಸಹಿ ಹಾಕಿಸ್ಕೊಂಡು ಹೋದೆ. ಅದರಲ್ಲಿ ಮೂರು ಮನೆ ನಮ್ಮ ಜಾತಿಯವಲ್ಲ. ಈಗ ದಾರಿ ಇದೆ. ಪೂರಾ ಅಗಲ ಇಲ್ಲ, ಆದ್ರೆ ಟ್ರ್ಯಾಕ್ಟರ್ ಹೋಗುತ್ತೆ.

ಇಂಗ್ಲೆಂಡಿನಲ್ಲೂ ಹೊಲದ ನಡುವೆ ಸಾರ್ವಜನಿಕ ಕಾಲುದಾರಿಗಳಿವೆ. ಅಲ್ಲಿಯ 1990ರ ಕಾಯ್ದೆ ಪ್ರಕಾರ ಬಿತ್ತನೆಗೆ ಅಂತ ದಾರಿ ಉತ್ತರೆ 14 ದಿನದೊಳಗೆ ಸರಿಮಾಡಿ ಕೊಡಬೇಕು, ಹೊಲದ ಮಧ್ಯದ ಕಾಲುದಾರಿ ಕಡೇಪಕ್ಷ ಒಂದು ಮೀಟರ್ ಅಗಲ ಇರಬೇಕು, ಬೆಳೆ ಅದಕ್ಕೆ ಅಡ್ಡ ಬರಬಾರದು. ಉತ್ತವನೇ ದಾರಿ ಮಾಡಿಕೊಡಬೇಕು. ನಮ್ಮಲ್ಲಿ ದಾರಿ ಕಳ್ಕೊಂಡವನೇ ಅಲೆದಾಡಬೇಕು.

ಅಲೆಯೋದಾದ್ರೂ ತಿಳ್ಕೊಂಡು ಅಲೆಯೋಣ. 1964ರ ಭೂಕಂದಾಯ ಕಾಯ್ದೆ ಕಲಂ 67 ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಸ್ವತ್ತು. ಕಲಂ 68 ಪ್ರಕಾರ ಅಂಥ ದಾರಿಯ ಹಕ್ಕು ರದ್ದಾಗಬೇಕಾದ್ರೆ ತಕರಾರು ಕೇಳಿ ಅಧಿಸೂಚನೆ ಆಗಬೇಕು, ನೇಗಿಲಿನಿಂದ ಆಗಲ್ಲ. ನಕಾಶೆ ದಾರಿಗೆ ಅಡ್ಡಿ ಮಾಡಿದ್ರೆ ತಹಶೀಲ್ದಾರರು ತೆರವು ಮಾಡಿಸಬೇಕು ಅಂತ 2023ರಲ್ಲಿ ಕಂದಾಯ ಇಲಾಖೆಯ ಸುತ್ತೋಲೆಯೂ ಬಂದಿದೆ. ಎಸ್ಸಿ, ಎಸ್ಟಿ ಅನ್ನೋ ಕಾರಣಕ್ಕೆ ತಡೆದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಝಡ್ಎ) ಇದೆ, ಅದರಲ್ಲಿ ರಸ್ತೆ, ದಾರಿ ಅಂತ ಸ್ಪಷ್ಟವಾಗಿ ಬರೆದಿದೆ. ಭೂಮಿಯ ಅನುಭವಕ್ಕೆ ಅಡ್ಡಿ ಮಾಡಿದ್ರೆ 3(1)(ಜಿ). ಆದ್ರೆ ಎಲ್ಲರಿಗೂ ಮುಚ್ಚಿದ ದಾರಿಗೆ ಆತುರದಲ್ಲಿ ಅಟ್ರಾಸಿಟಿ ಹಾಕಿ ಕೇಸು ಸಡಿಲ ಮಾಡ್ಕೋಬೇಡಿ. ಮೊದಲು ನಕಾಶೆ, ಆಕಾರಬಂದ್, ಟಿಪ್ಪಣಿ ನಕಲು ತೆಗೀರಿ. ಬೆಳೆ ಇಲ್ಲದಾಗ ಅಳತೆ ಮಾಡಿಸಿ. ಆ ದಾರಿ ಬೇಕಾದ ಎಲ್ಲಾ ಮನೆಗಳನ್ನ ಸೇರಿಸಿ.

1893ರಲ್ಲಿ ಕೇರಳದ ಅಯ್ಯಂಕಾಳಿ ಒಂದು ಎತ್ತಿನ ಬಂಡಿ ಕೊಂಡು, ನಮ್ಮಂಥವರಿಗೆ ನಿಷೇಧ ಇದ್ದ ರಸ್ತೆಯಲ್ಲಿ ಓಡಿಸಿದರು. 1927ರಲ್ಲಿ ಬಾಬಾಸಾಹೇಬರು ಮಹಾಡದಲ್ಲಿ ಜನರನ್ನ ಕೆರೆಗೆ ನಡೆಸಿದರು. ಕೆರೆಯ ಜೊತೆಗೆ ರಸ್ತೆಯೂ ಸಂವಿಧಾನದ 15(2)ನೇ ವಿಧಿಯಲ್ಲಿ ಬಂದು ಕೂತಿದೆ. ನಮ್ಮ ಹೊಲದ ಬಂಡಿದಾರಿಯೂ ಅದೇ ಸಾಲಿನದು.

ಫೋನ್ ಮಾಡಿದ ತಮ್ಮಾ, ಸೋಮವಾರ ನಕಾಶೆ ನಕಲಿಗೆ ಅರ್ಜಿ ಹಾಕು. ಈರುಳ್ಳಿ ಕಿತ್ತ ಮೇಲೆ ಅಳತೆಗೆ ನಾನೂ ಬರ್ತೀನಿ. ನಿಮ್ಮಪ್ಪ ಬದುಕಿದ್ದಾರಲ್ಲ, ಆ ಚುಕ್ಕೆ ಗೆರೇನ ಅವರಿಗೆ ಮೊದಲು ತೋರಿಸು.

ಜೈಭೀಮ್.