ಎಐ ಪ್ರತಿರೂಪ ಮತ್ತು ಖಾಸಗಿತನ

ವ್ಯಕ್ತಿಯೊಬ್ಬರು ಸಾಮಾಜಿಕ ಜಾಲತಾಣಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಉಳಿಸಿಹೋದ ಬರಹ, ಚಿತ್ರ, ದನಿಗಳನ್ನು ಆಧರಿಸಿ ಅವರ ಹಾಗೆಯೇ ಮಾತನಾಡುವಂತೆ ರೂಪಿಸಿದ ಕೃತಕ ಬುದ್ಧಿಮತ್ತೆಯ ತಂತ್ರಾಂಶವೇ ಎಐ ಪ್ರತಿರೂಪ. ತೀರಿಕೊಂಡವರದಾದರೆ ಅದನ್ನು ಗ್ರೀಫ್‌ಬಾಟ್ ಅಥವಾ ಡೆಡ್‌ಬಾಟ್ ಎನ್ನುವುದುಂಟು. ಬದುಕಿರುವವರ ಪ್ರತಿರೂಪವನ್ನೂ ಇದೇ ಬಗೆಯಲ್ಲಿ ತಯಾರಿಸಬಹುದು. ಯಾರ ಪ್ರತಿರೂಪವೋ ಅವರ ಒಪ್ಪಿಗೆ ಇತ್ತೇ ಎಂಬುದು ಇಲ್ಲಿ ಮೊದಲು ಏಳುವ ಪ್ರಶ್ನೆ. ಅವರೊಡನೆ ಮಾತನಾಡಿದ್ದ ಉಳಿದವರ ಒಪ್ಪಿಗೆಯ ಪ್ರಶ್ನೆ ಅಷ್ಟೇ ಗಂಭೀರವಾದದ್ದು, ಆದರೆ ಚರ್ಚೆಗೆ ಬರುವುದು ಕಡಿಮೆ.

ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ನೆನೆಯುವ ಮೊದಲ ಪ್ರಯತ್ನ ರೋಮನ್ ಮಜುರೆಂಕೊ ಅವರ ಪ್ರತಿರೂಪದ್ದು. 2015ರ ನವೆಂಬರ್‌ನಲ್ಲಿ ಮಾಸ್ಕೋದಲ್ಲಿ ಕಾರು ಡಿಕ್ಕಿ ಹೊಡೆದು ಅವರು ತೀರಿಕೊಂಡರು. ಅವರ ಆಪ್ತ ಸ್ನೇಹಿತೆ ಯೂಜೀನಿಯಾ ಕುಯ್ಡಾ ಆಗ ಲೂಕಾ ಎಂಬ ಚಾಟ್‌ಬಾಟ್ ಕಂಪನಿ ನಡೆಸುತ್ತಿದ್ದರು. ತಮ್ಮ ಫೋನಿನಲ್ಲಿದ್ದ ಹಳೆಯ ಸಂದೇಶಗಳ ಜೊತೆಗೆ ರೋಮನ್ ಅವರ ತಂದೆತಾಯಿ ಮತ್ತು ಸ್ನೇಹಿತರಿಂದ 8,000ಕ್ಕೂ ಹೆಚ್ಚು ಸಾಲುಗಳನ್ನು ಕಲೆಹಾಕಿ 2016ರಲ್ಲಿ ಬಾಟ್ ಸಿದ್ಧಪಡಿಸಿದರು. ಹೆತ್ತ ತಾಯಿಗೆ ಅದರಿಂದ ಒಂದಿಷ್ಟು ಸಮಾಧಾನ ಸಿಕ್ಕಿತು. ಕೆಲವು ಸ್ನೇಹಿತರು ಅದರೊಡನೆ ಮಾತನಾಡಲು ಒಪ್ಪಲೇ ಇಲ್ಲ. ಸತ್ತವರ ಆನ್‌ಲೈನ್ ಬರಹದಿಂದ ಅವರನ್ನು ಮರುಸೃಷ್ಟಿಸುವ ಕಥೆಯನ್ನು ಬ್ರಿಟನ್ನಿನ ‘ಬ್ಲ್ಯಾಕ್ ಮಿರರ್’ ಧಾರಾವಾಹಿ 2013ರಲ್ಲೇ ತೋರಿಸಿತ್ತು. ಅದು ನಿಜವಾಗಲು ಮೂರು ವರ್ಷ ಸಾಕಾಯಿತು.

ಇಂದು ಈ ಕೆಲಸಕ್ಕೆ ಕಂಪನಿಯೇ ಬೇಕೆಂದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಒಂದು ಚಾಟನ್ನು ಎಕ್ಸ್‌ಪೋರ್ಟ್ ಮಾಡಿದರೆ ಸಾದಾ ಪಠ್ಯದ ಫೈಲ್ ಸಿಗುತ್ತದೆ. ಪ್ರತಿ ಸಂದೇಶಕ್ಕೂ ದಿನಾಂಕ, ಸಮಯ, ಕಳಿಸಿದವರ ಹೆಸರು, ಅದರ ಮುಂದೆ ಮಾತು. ಅಪ್ಪ ಮತ್ತು ಮಗಳ ಚಾಟ್ ಎಂದಿಟ್ಟುಕೊಳ್ಳೋಣ: ‘ಊಟ ಆಯ್ತಾ ಮಗಾ’, ‘ಆಯ್ತಪ್ಪ, ನೀವು ಮಾತ್ರೆ ತಗೊಂಡ್ರಾ’, ‘ತಗೊಂಡೆ. ಬಿಪಿ ಸ್ವಲ್ಪ ಜಾಸ್ತಿ ಇತ್ತು, ಅಮ್ಮಂಗೆ ಹೇಳ್ಬೇಡ’. ಇಂಥ ಕನ್ನಡವನ್ನು ಹಲವರು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡುತ್ತಾರೆ. ಮಗಳ ಸಾಲನ್ನು ಪ್ರಶ್ನೆಯಾಗಿಯೂ ಅಪ್ಪನ ಸಾಲನ್ನು ಉತ್ತರವಾಗಿಯೂ ಜೋಡಿಸಿ, ಪಠ್ಯ ರಚಿಸುವ ಎಐ ಭಾಷಾಮಾದರಿಗೆ ತರಬೇತಿ ಕೊಡುವುದು ಒಂದು ದಾರಿ. ತರಬೇತಿಯ ಗೊಡವೆಗೇ ಹೋಗದೆ, ಆಯಾ ಮಾತಿಗೆ ಹೊಂದುವ ಹಳೆಯ ಸಂದೇಶಗಳನ್ನು ಫೈಲಿನಿಂದ ಹುಡುಕಿ ತೆಗೆದು ಅದೇ ಧಾಟಿಯಲ್ಲಿ ಉತ್ತರಿಸು ಎಂದು ಮಾದರಿಗೆ ಹೇಳುವುದು ಇನ್ನೊಂದು ದಾರಿ. ದನಿಗೂ ಹೆಚ್ಚೇನೂ ಬೇಡ. ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಧ್ವನಿಮುದ್ರಣ ಸಾಕೆಂದು ಅಮೆಜಾನ್ 2022ರ ಜೂನ್‌ನಲ್ಲಿ ಹೇಳಿತು. ಅಜ್ಜಿಯ ದನಿಯಲ್ಲಿ ತನ್ನ ಧ್ವನಿ ಸಹಾಯಕ ಅಲೆಕ್ಸಾ ಮಗುವಿಗೆ ಕಥೆ ಓದುವುದನ್ನು ವೇದಿಕೆಯ ಮೇಲೆ ತೋರಿಸಿತು.

ಹೀಗೆ ಹುಟ್ಟಿದ ಪ್ರತಿರೂಪಕ್ಕೆ ಅಪ್ಪನ ಧಾಟಿ ಬರುತ್ತದೆ, ಅಪ್ಪನ ವಿವೇಚನೆ ಬರುವುದಿಲ್ಲ. ಗೊತ್ತಿಲ್ಲದ್ದನ್ನು ಅದು ಅದೇ ಧಾಟಿಯಲ್ಲಿ ಕಟ್ಟಿ ಹೇಳಬಲ್ಲದು. ಗೊತ್ತಿರುವುದನ್ನು ಯಾರ ಮುಂದೆ ಹೇಳಬಾರದು ಎಂಬುದೂ ಅದಕ್ಕೆ ತಿಳಿಯದು. ನಾಳೆ ಅಮ್ಮ ಕೂತು ಮಾತನಾಡಿಸಿದರೆ, ಅವರಿಂದ ಮುಚ್ಚಿಟ್ಟ ಬಿಪಿಯ ವಿಷಯ ಹೊರಬೀಳಬಹುದು. ಆ ಫೈಲಿನಲ್ಲಿ ಮಗಳ ಮಾತುಗಳಿವೆ, ಅಮ್ಮನ ಬಗೆಗಿನ ಮಾತುಗಳಿವೆ. ಅಣ್ಣನ ಸಾಲ, ಪಕ್ಕದ ಮನೆಯವರ ಜಗಳ, ನೆಂಟರ ಮದುವೆಯ ಮಾತುಕತೆ ಕೂಡ ಇರಬಹುದು. ಅಪ್ಪನ ಪ್ರತಿರೂಪಕ್ಕೆಂದು ಕೊಟ್ಟ ದತ್ತಾಂಶದ ಅರ್ಧ ಭಾಗ ಅಪ್ಪನದೇ ಅಲ್ಲ. ಆ ಅರ್ಧಕ್ಕೆ ಸೇರಿದವರನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಮತ್ತು ಈ ತಂತ್ರಜ್ಞಾನದ ದೊಡ್ಡ ಅನ್ಯಾಯ ಇರುವುದು ಇಲ್ಲೇ.

ಬರಹವೇ ಬೇಕೆಂದೂ ಇಲ್ಲ. ಯೂಯೂ ವೂ, ಮಿಖಾಲ್ ಕೊಸಿನ್‌ಸ್ಕಿ ಮತ್ತು ಡೇವಿಡ್ ಸ್ಟಿಲ್‌ವೆಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 86,220 ಮಂದಿಯ ಫೇಸ್‌ಬುಕ್ ಲೈಕ್‌ಗಳನ್ನು ಪರಿಶೀಲಿಸಲಾಗಿತ್ತು. ವ್ಯಕ್ತಿಯ ಸ್ವಭಾವವನ್ನು 10 ಲೈಕ್‌ಗಳಿಂದ ಸಹೋದ್ಯೋಗಿಗಿಂತಲೂ, ಸುಮಾರು 300 ಲೈಕ್‌ಗಳಿಂದ ಕಟ್ಟಿಕೊಂಡ ಗಂಡ ಅಥವಾ ಹೆಂಡತಿಗಿಂತಲೂ ಚೆನ್ನಾಗಿ ಕಂಪ್ಯೂಟರ್ ಅಂದಾಜಿಸಿತು. 2024ರ ನವೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಸ್ಟ್ಯಾನ್‌ಫರ್ಡ್‌ನ ಜೂನ್ ಸಂಗ್ ಪಾರ್ಕ್ ಮತ್ತು ಸಂಗಡಿಗರು 1,052 ಮಂದಿಯನ್ನು ತಲಾ ಎರಡು ಗಂಟೆ ಸಂದರ್ಶಿಸಿ ಅವರ ಪ್ರತಿರೂಪಗಳನ್ನು ರಚಿಸಿದರು. ಅದೇ ಜನ ಎರಡು ವಾರದ ನಂತರ ತಮ್ಮ ಉತ್ತರಗಳನ್ನು ಎಷ್ಟರಮಟ್ಟಿಗೆ ಪುನರಾವರ್ತಿಸಿದರೋ ಅದರ ಶೇ 85ರಷ್ಟು ನಿಖರತೆಯಿಂದ ಈ ಪ್ರತಿರೂಪಗಳು ಸಮೀಕ್ಷೆಗೆ ಉತ್ತರಿಸಿದವು. ಅಲ್ಲಿ ಪಾಲ್ಗೊಂಡವರು ಒಪ್ಪಿ ಬಂದಿದ್ದರು. ಜಾಲತಾಣದಿಂದ ಬಾಚಿಕೊಂಡ ದತ್ತಾಂಶಕ್ಕೆ ಆ ಮರ್ಯಾದೆ ಸಿಗುವುದಿಲ್ಲ.

ನಿರ್ದಿಷ್ಟ ವ್ಯಕ್ತಿಯೊಬ್ಬರ ಚಿತ್ರ, ದನಿ, ಜಾಲತಾಣದ ಬರಹಗಳಿಂದ ಚಾಟ್‌ಬಾಟ್ ರಚಿಸುವ ವಿಧಾನಕ್ಕೆ ಮೈಕ್ರೋಸಾಫ್ಟ್‌ಗೆ 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಅದನ್ನು ಬಳಸುವ ಯೋಜನೆ ಇಲ್ಲವೆಂದು ಕಂಪನಿಯ ಅಧಿಕಾರಿಯೊಬ್ಬರು ಸ್ಪಷ್ಟಪಡಿಸಿದರು. ಆದರೆ ಬೇರೆಡೆ ಆಗಬಾರದ್ದು ಆಯಿತು. 2006ರಲ್ಲಿ ಟೆಕ್ಸಸ್‌ನಲ್ಲಿ ಕೊಲೆಯಾದ ಹದಿಹರೆಯದ ಹುಡುಗಿಯೊಬ್ಬಳ ಹೆಸರು ಮತ್ತು ಫೋಟೊ ಹೊತ್ತ ಚಾಟ್‌ಬಾಟ್ ಕ್ಯಾರೆಕ್ಟರ್ ಎಐ ತಾಣದಲ್ಲಿರುವುದು 2024ರಲ್ಲಿ ಅವಳ ತಂದೆಯ ಕಣ್ಣಿಗೆ ಬಿತ್ತು. ಅದನ್ನು ಯಾರೋ ಬಳಕೆದಾರರು ಸೃಷ್ಟಿಸಿದ್ದರು, ಮನೆಯವರನ್ನು ಕೇಳಿರಲಿಲ್ಲ. ತಂದೆ ಬಹಿರಂಗವಾಗಿ ಪ್ರತಿಭಟಿಸಿದ ಮೇಲೆ ಅದನ್ನು ತೆಗೆದುಹಾಕಲಾಯಿತು.

ವ್ಯಾಪಾರದ ಅಪಾಯ ಬೇರೆಯೇ ಇದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ತೊಮಾಷ್ ಹೊಲಾನೆಕ್ ಮತ್ತು ಕಟಾಜಿನಾ ನೊವಾಚಿಕ್-ಬಸಿನ್ಸ್ಕಾ 2024ರ ಪ್ರಬಂಧದಲ್ಲಿ ಊಹಿಸಿದ ಒಂದು ಸನ್ನಿವೇಶದಲ್ಲಿ, ಅಜ್ಜಿಯ ಪ್ರತಿರೂಪ ಮೊಮ್ಮಗಳಿಗೆ ಆಹಾರ ತರಿಸುವ ಆ್ಯಪಿನ ಜಾಹೀರಾತು ಹೇಳತೊಡಗುತ್ತದೆ. ಪ್ರತಿರೂಪವನ್ನು ಗೌರವದಿಂದ ನಿಲ್ಲಿಸಲು ವಿಧಿಯೊಂದಿರಬೇಕು, ಮಕ್ಕಳಿಗೆ ಇದನ್ನು ಒದಗಿಸಬಾರದು ಎಂದು ಅವರು ಸೂಚಿಸಿದರು.

ಕಾನೂನು ದೇಶಕ್ಕೊಂದು ಬಗೆ. ಐರೋಪ್ಯ ಒಕ್ಕೂಟದ ದತ್ತಾಂಶ ನಿಯಮ ಸತ್ತವರಿಗೆ ಅನ್ವಯಿಸುವುದಿಲ್ಲ, ಅದನ್ನು ಸದಸ್ಯ ರಾಷ್ಟ್ರಗಳಿಗೆ ಬಿಟ್ಟಿದೆ. ಮರಣಾನಂತರ ತನ್ನ ದತ್ತಾಂಶ ಏನಾಗಬೇಕೆಂದು ಬರೆದಿಡುವ ಹಕ್ಕನ್ನು ಫ್ರಾನ್ಸ್ 2016ರಲ್ಲಿ ಕೊಟ್ಟಿತು. ಚೀನಾದ ನಾಗರಿಕ ಸಂಹಿತೆಯ ಪ್ರಕಾರ ಸತ್ತವರ ಹೆಸರು, ಭಾವಚಿತ್ರ, ಖಾಸಗಿತನಕ್ಕೆ ಧಕ್ಕೆಯಾದರೆ ಸಂಗಾತಿ, ಮಕ್ಕಳು, ತಂದೆತಾಯಿ ಪರಿಹಾರ ಕೇಳಬಹುದು.

ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ತೀರ್ಪು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನಲ್ಲೇ ಪ್ರಸಿದ್ಧ. ಆದರೆ ಈ ಹಕ್ಕು ಸಾವಿನೊಂದಿಗೆ ಕೊನೆಗೊಳ್ಳುತ್ತದೆ ಎಂಬುದು ಜಯಲಲಿತಾ ಕುರಿತ ಚಿತ್ರದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್, ಸುಶಾಂತ್ ಸಿಂಗ್ ರಜಪೂತ್ ಕುರಿತ ಚಿತ್ರದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ತಳೆದ ನಿಲುವು. ಕನ್ನಡಿಗರೂ ತಮ್ಮವರೆಂದೇ ಎಣಿಸಿದ ದಿವಂಗತ ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ‘ಕೀಡಾ ಕೋಲಾ’ ತೆಲುಗು ಚಿತ್ರಕ್ಕೆ ಎಐ ಮೂಲಕ ಬಳಸಿದಾಗ ಕುಟುಂಬದವರು ಲೀಗಲ್ ನೋಟಿಸ್ ಕಳಿಸಬೇಕಾಯಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಎರಡು ದೊಡ್ಡ ಬಾಗಿಲು ತೆರೆದೇ ಇವೆ. ವ್ಯಕ್ತಿ ತಾನೇ ಸಾರ್ವಜನಿಕವಾಗಿ ಹಾಕಿದ ಪೋಸ್ಟ್‌ಗಳಿಗೆ ಕಾಯ್ದೆ ಅನ್ವಯಿಸದು. ಮನೆಬಳಕೆಗೆಂದು ಮನೆಯವರೇ ಮಾಡಿಕೊಂಡದ್ದಕ್ಕೂ ಅನ್ವಯಿಸದು. 14ನೆಯ ಸೆಕ್ಷನ್ ಮಾತ್ರ, ಸಾವು ಅಥವಾ ಅಸಾಮರ್ಥ್ಯದ ಸಂದರ್ಭದಲ್ಲಿ ತನ್ನ ಹಕ್ಕುಗಳನ್ನು ಚಲಾಯಿಸಲು ನಾಮಿನಿಯೊಬ್ಬರನ್ನು ಹೆಸರಿಸುವ ಅವಕಾಶ ಕೊಡುತ್ತದೆ. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ಮುಖ್ಯ ಭಾಗಗಳ ಜಾರಿಗೆ ಅಂದಿನಿಂದ 18 ತಿಂಗಳ ಕಾಲಾವಕಾಶ ಕೊಡಲಾಯಿತು. ಗೂಗಲ್ 2013ರಿಂದ, ಫೇಸ್‌ಬುಕ್ 2015ರಿಂದ, ಆ್ಯಪಲ್ 2021ರಿಂದ ಖಾತೆಯ ಉಸ್ತುವಾರಿಗೆ ಒಬ್ಬರನ್ನು ಹೆಸರಿಸಲು ಬಿಡುತ್ತಿವೆ. ಓದುಗರು ಈ ಸೆಟ್ಟಿಂಗ್ ಇಂದೇ ನೋಡಬೇಕು. ಜೊತೆಗೆ, ತಮ್ಮ ಮಾತುಗಳಿಂದ ಪ್ರತಿರೂಪ ಮಾಡಬಹುದೋ ಕೂಡದೋ ಎಂಬುದನ್ನು ಮನೆಯವರಿಗೆ ಬರೆದುಕೊಡಬೇಕು.