ಯಂತ್ರದ ಆಯುಷ್ಯ, ಅಕ್ಷರದ ಆಯುಷ್ಯ

(ಆಕಾಶವಾಣಿ ಭಾಷಣ)

ರಾಯಬಾಗದ ಬಸದಿಗೆ ಸಂಬಂಧಿಸಿದ, ರಟ್ಟರ ಅರಸು ನಾಲ್ವಡಿ ಕಾರ್ತವೀರ್ಯನ ಕಾಲದ ಶಾಸನವನ್ನು ಕಲ್ಲಿನಲ್ಲಿ ಕೊರೆದು ಎಂಟುನೂರು ವರ್ಷಗಳು ಮೀರಿದವು. ಹಳೆಯ ಲಿಪಿಯಲ್ಲಿ ತುಸು ಪರಿಶ್ರಮವುಳ್ಳವರು ಅದನ್ನು ಇಂದಿಗೂ ಓದಬಲ್ಲರು. ಆದರೆ ಇದೇ ತಾಲೂಕಿನಲ್ಲಿ ಇಪ್ಪತ್ತೈದು ವರ್ಷಗಳ ಹಿಂದೆ ಗಣಕಯಂತ್ರದಲ್ಲಿ ಬರೆದಿರಿಸಿದ ಎಷ್ಟೋ ಕನ್ನಡ ಬರಹಗಳು ಇಂದು ಯಾರಿಗೂ ಓದಲು ಬಾರದಂತಾಗಿವೆ. ಕಲ್ಲು ಮಾತನಾಡುತ್ತಿದೆ, ಯಂತ್ರ ಮೂಕವಾಗಿದೆ. ಹೀಗೇಕಾಯಿತೆಂಬುದನ್ನು ತಿಳಿಯಬೇಕಾದರೆ ಕನ್ನಡ ಅಕ್ಷರವು ಯಂತ್ರದೊಡನೆ ನಡೆಸಿದ ಸಂಸಾರದ ಕಥೆಯನ್ನು ಸ್ವಲ್ಪ ನೋಡಬೇಕು.

ಕನ್ನಡವನ್ನು ಅಚ್ಚುಮೊಳೆಗೆ ಒಗ್ಗಿಸುವುದು ಸುಲಭದ ಕೆಲಸವಾಗಿರಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾದುದು 1817ರಲ್ಲಿ. 1843ರಲ್ಲಿ ಹೊರಟ ‘ಮಂಗಳೂರು ಸಮಾಚಾರ’ವಾದರೋ ಕಲ್ಲಚ್ಚನ್ನು ಆಶ್ರಯಿಸಿತು. ಬಿಡಿ ಮೊಳೆಗಳ ಅಚ್ಚಿಗೆ ಇಂಗ್ಲಿಷಿನಂತೆ ಇಪ್ಪತ್ತಾರು ಅಕ್ಷರಗಳ ಎರಡು ರೂಪಗಳು ಇಲ್ಲಿ ಸಾಲವು. ಗುಣಿತಾಕ್ಷರಗಳು ಬೇಕು, ಒತ್ತುಗಳು ಬೇಕು, ಒತ್ತಿನ ಮೇಲೊತ್ತು ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಮೊಳೆ ಜೋಡಿಸುವವನು ಎಷ್ಟು ಮನೆಗಳಿಗೆ ಕೈಹಾಕಬೇಕಾಗುತ್ತಿತ್ತೆಂಬುದನ್ನು ಹಳೆಯ ಮುದ್ರಣಾಲಯಗಳನ್ನು ಕಂಡವರೆಲ್ಲ ಬಲ್ಲರು. ಈ ಕಷ್ಟದ ನಡುವೆಯೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು 1894ರಲ್ಲಿ ಕಿಟ್ಟೆಲರ ನಿಘಂಟನ್ನು ಹೊರತಂದಿತು.

ಬೆರಳಚ್ಚು ಯಂತ್ರದ ಮುಂದೆ ಈ ತೊಡಕು ಇನ್ನೂ ಹೆಚ್ಚಾಯಿತು. ನಲವತ್ತೈದರ ಸುಮಾರು ಕೀಲಿಗಳು. ಒಂದೊಂದಕ್ಕೆ ಎರಡು ಗುರುತುಗಳು. ಅಷ್ಟರಲ್ಲಿಯೇ ಕನ್ನಡವೆಲ್ಲ ಅಡಗಬೇಕು. ಆದುದರಿಂದ ಅಕ್ಷರಗಳನ್ನು ತಲೆಕಟ್ಟು, ಮೈ, ಕೊಂಬು, ಒತ್ತು ಎಂದು ತುಂಡರಿಸಿ, ತುಂಡುಗಳನ್ನು ಒಂದರ ಪಕ್ಕದಲ್ಲೊಂದು ಹೊಡೆದು ಕೂಡಿಸಬೇಕಾಯಿತು. 1963ರ ರಾಜಭಾಷಾ ಅಧಿನಿಯಮದ ತರುವಾಯ ಕಚೇರಿಗಳಲ್ಲಿ ಕನ್ನಡ ನೆಲೆಗೊಂಡುದರ ಹಿಂದೆ ಈ ಯಂತ್ರದ ಮುಂದೆ ಬೆನ್ನು ಬಾಗಿಸಿ ಕುಳಿತ ಸಾವಿರಾರು ನೌಕರರ ದುಡಿಮೆಯಿದೆ. 2011ರಲ್ಲಿ ಗೋದ್ರೆಜ್ ಕಂಪನಿಯು ಬೆರಳಚ್ಚು ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿದ ವಾರ್ತೆ ಪತ್ರಿಕೆಗಳಲ್ಲಿ ಬಂದಾಗ, ಆ ದುಡಿಮೆಯ ಒಂದು ಯುಗವೇ ಮುಗಿದಂತಾಯಿತು. ಆದರೂ ಆ ಯಂತ್ರಕ್ಕೆ ಒಂದು ಗುಣವಿತ್ತು. ಅದು ಹೊಡೆದ ಅಕ್ಷರ ಕಾಗದದ ಮೇಲೆ ಉಳಿಯುತ್ತಿತ್ತು. ಯಂತ್ರ ತುಕ್ಕು ಹಿಡಿದರೂ ಓದುವುದಕ್ಕೆ ಕಣ್ಣೊಂದಿದ್ದರೆ ಸಾಕಾಗಿತ್ತು.

ಗಣಕಯಂತ್ರ ಬಂದಾಗ ಕೀಲಿಮಣೆಯ ಗಂಟನ್ನು ಬಿಡಿಸಿದವರಲ್ಲಿ ಅಗ್ರಗಣ್ಯರು ಕೆ. ಪಿ. ರಾವ್ ಅವರು. ಕನ್ನಡದ ವರ್ಣಮಾಲೆಯು ಧ್ವನಿಯ ಕ್ರಮದಲ್ಲಿ ನಿಂತಿದೆ. ಕಾಗುಣಿತವೆಂದರೆ ವ್ಯಂಜನಕ್ಕೆ ಸ್ವರ ಸೇರುವ ನಿಯಮವೇ. ಬರೆಯುವವನು ಧ್ವನಿಯ ಕ್ರಮದಲ್ಲಿ ಕೀಲಿಗಳನ್ನು ಒತ್ತಿದರೆ ಆಕಾರವನ್ನು ಯಂತ್ರವೇ ಕೂಡಿಸಿಕೊಳ್ಳಲಿ ಎಂಬುದು ಅವರ ವಿನ್ಯಾಸದ ತಿರುಳು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡವೆಲ್ಲ ಒಡಮೂಡಿತು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಅವರು ಅದನ್ನು ಹಣ ಪಡೆಯದೆ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ತರುವಾಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ನಾನು ಗಣಕವನ್ನು ಕೊಂಡುದು ಆ ದಿನಗಳಲ್ಲಿ. ಹಳಗನ್ನಡ ಕಲಿಸುವ ಅಧ್ಯಾಪಕನಿಗೆ ಇದೆಂತಹ ಹುಚ್ಚು ಎಂದು ಸಹೋದ್ಯೋಗಿಗಳು ನಕ್ಕರು. ನಾಗವರ್ಮ, ಕೇಶಿರಾಜರನ್ನು ಓದಿದವನಿಗೆ ವರ್ಣಗಳನ್ನು ನಿಯಮಕ್ಕೆ ತರುವ ಯಂತ್ರ ಪರಕೀಯವೆನಿಸಲಿಲ್ಲ.

ಆದರೆ ಆ ಸಂಭ್ರಮದ ಒಳಗೆ ಒಂದು ಬಿರುಕಿತ್ತು. ಗಣಕಕ್ಕೆ ಅಕ್ಷರವೆಂಬುದು ಒಂದು ಸಂಖ್ಯೆ ಮಾತ್ರ. ಅಂದಿನ ಸಾಮಾನ್ಯ ವ್ಯವಸ್ಥೆಯಲ್ಲಿದ್ದುದು 256 ಸಂಖ್ಯೆಗಳು. ಅವು ರೋಮನ್ ಲಿಪಿಗೂ ಅದರ ಚಿಹ್ನೆಗಳಿಗೂ ಮೀಸಲಾಗಿದ್ದವು. ನಮ್ಮ ತಂತ್ರಾಂಶಗಳು ಅದೇ ಸಂಖ್ಯೆಗಳ ಮೇಲೆ ಕನ್ನಡದ ತುಂಡುಗಳನ್ನು ಕೂರಿಸಿದವು. ಯಂತ್ರದ ಮಟ್ಟಿಗೆ ಬರಹವು ರೋಮನ್ನೇ. ಕನ್ನಡವೆಂಬುದು ಅದು ತೊಟ್ಟ ವೇಷ. ಒಂದೊಂದು ತಂತ್ರಾಂಶದ ವೇಷ ಒಂದೊಂದು ಬಗೆ. ತಕ್ಕ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಆ ಬರಹವನ್ನು ತೆರೆದರೆ ವೇಷ ಕಳಚಿ ಬರಿಯ ಚಿಹ್ನೆಗಳ ಸಂತೆ ಕಾಣುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಸಂಖ್ಯೆಗಳನ್ನು ಗೊತ್ತುಪಡಿಸಿದ ಯೂನಿಕೋಡಿನಲ್ಲಿ 1991ರಷ್ಟು ಹಿಂದೆಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಅದು ನಮ್ಮ ಮೇಜುಗಳ ಮೇಲಿನ ಯಂತ್ರಗಳಿಗೆ ಇಳಿದುಬರುವಷ್ಟರಲ್ಲಿ ಹತ್ತಾರು ವರ್ಷಗಳೇ ಕಳೆದವು. ನಡುವಿನ ಅವಧಿಯಲ್ಲಿ ಬರೆದುದೆಲ್ಲ ವೇಷದ ಬರಹವೇ: ಸ್ಮರಣ ಸಂಚಿಕೆಗಳು, ಊರಿನ ಇತಿಹಾಸಗಳು, ಸಂಶೋಧನ ಪ್ರಬಂಧಗಳು.

ನನ್ನ ಸ್ನೇಹಿತರೊಬ್ಬರು ಅಂದು ಸುತ್ತಲಿನ ಹಳ್ಳಿಗಳಲ್ಲಿ ತಿರುಗಿ ಬೀಸುವ ಪದಗಳನ್ನೂ ಹಂತಿಯ ಪದಗಳನ್ನೂ ಸಂಗ್ರಹಿಸಿ ಫ್ಲಾಪಿಗಳಲ್ಲಿ ಇರಿಸಿದ್ದರು. ಹಾಡಿದ ಮುದುಕಿಯರು ಈಗಿಲ್ಲ. ಸಂಗ್ರಾಹಕರೂ ತೀರಿಕೊಂಡರು. ಅವರ ಮಗ ಆ ಫ್ಲಾಪಿಗಳನ್ನು ನನ್ನಲ್ಲಿಗೆ ತಂದಾಗ ಅವುಗಳನ್ನು ಓದಬಲ್ಲ ಯಂತ್ರ ಪೇಟೆಯಲ್ಲಿ ಎಲ್ಲಿಯೂ ಉಳಿದಿರಲಿಲ್ಲ. ಹೆಸರಾಂತ ಸೋನಿ ಕಂಪನಿ ಕೂಡ ಫ್ಲಾಪಿಗಳ ಮಾರಾಟವನ್ನು 2011ರಲ್ಲಿಯೇ ನಿಲ್ಲಿಸಿತ್ತು. ನನ್ನ ಹಳೆಯ ಗಣಕ ಮಾತ್ರ ಗೊರಗೊರನೆ ಸದ್ದು ಮಾಡುತ್ತ ಮೂರು ಫ್ಲಾಪಿಗಳನ್ನು ಓದಿತು. ನಾಲ್ಕನೆಯದರ ಹಾಡುಗಳು ಹೋದವು. ಉಳಿದವನ್ನು ಯೂನಿಕೋಡಿಗೆ ಪರಿವರ್ತಿಸಿ, ಸ್ಥಾನಪಲ್ಲಟವಾದ ಒತ್ತುಗಳನ್ನು ಒಂದೊಂದಾಗಿ ತಿದ್ದಿದೆವು. “ಇದನ್ನ ಯಾಕ ಇಟ್ಕೊಂಡೀರಿ ಸರ, ಗುಜರಿಗೆ ಹಾಕ್ರಲ್ಲ” ಎಂದು ಹುಡುಗರು ಹೇಳುವುದುಂಟು. ಹಳೆಯದೆಂಬ ಮೋಹದಿಂದ ನಾನು ಅದನ್ನು ಇಟ್ಟುಕೊಂಡಿಲ್ಲ. ಬೀಗವಿರುವವರೆಗೆ ಕೀಲಿಕೈ ಇರಬೇಕಷ್ಟೆ.

ನಮ್ಮ ಭಾಗದವರಿಗೆ ಈ ಅನುಭವ ಹೊಸದಲ್ಲ. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಅಂದಿನ ದಫ್ತರಗಳ ಬರಹ ಮೋಡಿ ಲಿಪಿಯದು. ಕೈ ಎತ್ತದೆ ಬಿರುಸಿನಿಂದ ಬರೆಯಲು ಹೇಳಿ ಮಾಡಿಸಿದ ಲಿಪಿ. ಅಚ್ಚಿನ ಯುಗವು ಬಾಲಬೋಧವನ್ನು ಆರಿಸಿಕೊಂಡಿತು. ಮೋಡಿ ಹಿಂದೆ ಸರಿಯಿತು. ಇಂದು ಹೊಲಮನೆಯ ಹಳೆಯ ಕಾಗದಗಳನ್ನು ಟ್ರಂಕಿನಿಂದ ತೆಗೆದರೆ ಮೊಮ್ಮಕ್ಕಳಿಗೆ ಅಜ್ಜನ ಅಕ್ಷರ ತಿಳಿಯುವುದಿಲ್ಲ. ಮೋಡಿ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು. ಕಾಗದ ಉಳಿದರೂ ಓದುವ ವಿದ್ಯೆ ಅಳಿದರೆ ಬರಹ ಅಳಿದಂತೆಯೇ. ಸಂಪತ್ತುಳ್ಳ ದೇಶಗಳೂ ಇದಕ್ಕೆ ಹೊರತಲ್ಲ. ಇಂಗ್ಲೆಂಡಿನಲ್ಲಿ 1086ರ ‘ಡೂಮ್ಸ್‌ಡೇ’ ಎಂಬ ಭೂಕಂದಾಯದ ಕಡತಕ್ಕೆ 900 ವರ್ಷ ತುಂಬಿದಾಗ, ಬಿ.ಬಿ.ಸಿ.ಯು 1986ರಲ್ಲಿ ಗಣಕದಿಂದ ಓದಬಲ್ಲ ಹೊಸದೊಂದು ಕಡತವನ್ನು ಲೇಸರ್ ತಟ್ಟೆಗಳಲ್ಲಿ ಸಿದ್ಧಪಡಿಸಿತು. ಹದಿನೈದು ವರ್ಷಗಳಲ್ಲಿ ಆ ತಟ್ಟೆಗಳನ್ನು ಓದುವ ಯಂತ್ರಗಳೇ ದುರ್ಲಭವಾಗಿ, ವಿದ್ವಾಂಸರು ಅವುಗಳ ಉದ್ಧಾರಕ್ಕೆ ವಿಶೇಷ ಪ್ರಯತ್ನ ನಡೆಸಬೇಕಾಯಿತು. ಚರ್ಮದ ಹಾಳೆಗಳ ಹಳೆಯ ಕಡತ ಮಾತ್ರ ಹಾಗೆಯೇ ಇದೆ.

ಹಾಗೆಂದು ಗಣಕವನ್ನು ಬಿಟ್ಟು ಓಲೆಗರಿಗೆ ಮರಳಬೇಕೆಂದು ನಾನು ಹೇಳಲಾರೆ. ಇಂದು ರಾಯಬಾಗದ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ತಾಯಿಯೂ ಕೈಯಲ್ಲಿರುವ ಫೋನಿನಲ್ಲಿ ಮಗನಿಗೆ ಕನ್ನಡದಲ್ಲಿ ಎರಡು ಸಾಲು ಬರೆಯಬಲ್ಲಳು. ಮೊಳೆಯ ಕಾಲದಲ್ಲಾಗಲಿ ಬೆರಳಚ್ಚಿನ ಕಾಲದಲ್ಲಾಗಲಿ ಯಂತ್ರವು ಇಷ್ಟು ಜನರ ಕೈಗೆ ಎಟುಕಿರಲಿಲ್ಲ. ಇದು ಸಣ್ಣ ಗೆಲವಲ್ಲ. ಆದರೆ ಹೊಸ ಯಂತ್ರ ಬಂದೊಡನೆ ಹಳೆಯದನ್ನು ಅದರ ಹೊಟ್ಟೆಯಲ್ಲಿರುವುದರ ಸಹಿತ ಎಸೆದುಬಿಡುವ ಇಂದಿನ ಆತುರ ನನ್ನನ್ನು ಕಳವಳಗೊಳಿಸುತ್ತದೆ.

ಓಲೆಗರಿಗೂ ಆಯುಷ್ಯ ಮಿತವಾದುದೇ. ಹುಳುವಿಗೆ, ತೇವಕ್ಕೆ, ಬೆಂಕಿಗೆ ಅದು ತುತ್ತು. ಆದರೂ ಹತ್ತನೆಯ ಶತಮಾನದ ಕಾವ್ಯಗಳು ನಮಗೆ ದೊರೆತವು. ಏಕೆಂದರೆ ಪ್ರತಿ ಮಾಡುವುದು ಪುಣ್ಯವೆಂದು ನಮ್ಮ ಹಿರಿಯರು ನಂಬಿದ್ದರು. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆ ಅದನ್ನು ಶಾಸ್ತ್ರದಾನವೆಂದೇ ಬಗೆದಳು. ನಮ್ಮ ನೆರೆಯ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ವಚನಗಳ ಓಲೆಗರಿಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು, ಮುಂದೆ ಇದ್ದ ಮನೆಯನ್ನು ಮಾರಿ ಮುದ್ರಣಾಲಯವನ್ನು ಕಟ್ಟಿದರು. ಓಲೆಯಿಂದ ಮೊಳೆಗೆ ವಚನಗಳನ್ನು ದಾಟಿಸಿದ ಹರಿಗೋಲು ಅವರು.

ಫ್ಲಾಪಿಯಿಂದ ಮುಂದಿನ ದಡಕ್ಕೆ ದಾಟಿಸುವ ಸರದಿ ನಮ್ಮದು. ಇದಕ್ಕೆ ಮನೆ ಮಾರಬೇಕಾಗಿಲ್ಲ. ನಾಲ್ಕು ಭಾನುವಾರಗಳನ್ನು ಕೊಟ್ಟರೆ ಸಾಕು. ನಿಮ್ಮ ಅಟ್ಟದ ಮೇಲೆ, ಶಾಲೆಯ ಕಪಾಟಿನಲ್ಲಿ, ನಿಂತುಹೋದ ಮುದ್ರಣಾಲಯದ ಮೂಲೆಯಲ್ಲಿ ಇಂತಹ ತಟ್ಟೆಗಳಿದ್ದರೆ, ಓದಬಲ್ಲ ಯಂತ್ರವೊಂದು ಇನ್ನೂ ಉಸಿರಾಡುತ್ತಿರುವಾಗಲೇ ಪ್ರತಿ ಮಾಡಿಸಿರಿ; ಒಂದನ್ನು ಕಾಗದದ ಮೇಲೂ ಇಳಿಸಿರಿ.