ನಿಂತರೆ ನಿಲ್ಲುವ ನೋವು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯಲ್ಲಿ ಹೊಗೆಸೊಪ್ಪಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಬೆಲೆಯ ಚರಿತ್ರೆ. 1976ರಲ್ಲಿ ತಂಬಾಕು ಮಂಡಳಿ ಬಂತು, 1984ರಲ್ಲಿ ಹರಾಜು ಶುರುವಾಯಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಮಾರುಕಟ್ಟೆಗಳಲ್ಲಿ ಕಿಲೋಗೆ ಎಷ್ಟು ಸಿಕ್ಕಿತು ಎಂಬುದು ವರ್ಷವರ್ಷವೂ ಸುದ್ದಿ. ಇದೇ ಗಿಡಕ್ಕೆ ಇನ್ನೊಂದು ಚರಿತ್ರೆಯೂ ಇದೆ. ಅದು ಮನುಷ್ಯರ ಕಾಲಿನದು.

ತಂಬಾಕು ನಮಗೆ ಪರದೇಶಿ. 17ನೇ ಶತಮಾನದ ಆರಂಭದಲ್ಲಿ ಬಿಜಾಪುರಕ್ಕೆ ಬಂದಿದ್ದ ಮೊಘಲ್ ರಾಯಭಾರಿ ಅಸದ್ ಬೇಗ್ ಅದನ್ನು ಇಲ್ಲಿಂದ ಒಯ್ದು ಅಕ್ಬರನ ಮುಂದಿಟ್ಟ. ಗೊತ್ತಿಲ್ಲದ ಮದ್ದು, ಬೇಡ ಎಂದ ಆಸ್ಥಾನದ ವೈದ್ಯ. 1617ರಲ್ಲಿ ಜಹಾಂಗೀರ್ ನಿಷೇಧವನ್ನೇ ಹೇರಿದ. ಎರಡೂ ನಡೆಯಲಿಲ್ಲ.

ಕಾಲಿನ ರಕ್ತನಾಳ ಕಿರಿದಾಗುವ ಕಾಯಿಲೆಯನ್ನು, ಅಂದರೆ ವೈದ್ಯರು ಪೆರಿಫೆರಲ್ ಆರ್ಟರಿ ಡಿಸೀಸ್ ಎನ್ನುವುದನ್ನು, ಮೊದಲು ಹಿಡಿದುಕೊಟ್ಟಿದ್ದು ಒಂದು ಕುದುರೆ. 1831ರಲ್ಲಿ ಫ್ರಾನ್ಸಿನ ಪಶುವೈದ್ಯ ಬೂಲೆ ಗಾಡಿ ಎಳೆಯುವ ಹೆಣ್ಣುಕುದುರೆಯೊಂದನ್ನು ಗಮನಿಸಿದ. ಹೊರಡುವಾಗ ಸರಿಯಾಗಿಯೇ ಇರುತ್ತಿತ್ತು, ಸ್ವಲ್ಪ ದೂರ ಓಡಿದರೆ ಕುಂಟುತ್ತಿತ್ತು, ನಿಂತು ಸುಧಾರಿಸಿಕೊಂಡರೆ ಮತ್ತೆ ಸರಿ. ತೊಡೆಯ ರಕ್ತನಾಳ ಕಟ್ಟಿಕೊಂಡಿತ್ತು. ಮನುಷ್ಯನಲ್ಲಿ ಇದೇ ಲಕ್ಷಣವನ್ನು ಶಾರ್ಕೊ ಬರೆದಿಟ್ಟಿದ್ದು 1858ರಲ್ಲಿ. ನಮ್ಮಲ್ಲೂ ಎತ್ತು ಕುಂಟಿದರೆ ಅಂದೇ ನೊಗ ಇಳಿಸುತ್ತಾರೆ. ಎತ್ತಿನ ಯಜಮಾನ ಕುಂಟಿದರೆ 'ವಯಸ್ಸಾಯ್ತು', 'ನರ ಹಿಡಿದಿದೆ', 'ವಾತ'.

1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್, ಕತ್ತರಿಸಿ ತೆಗೆದ ಕಾಲುಗಳ ರಕ್ತನಾಳಗಳನ್ನು ಪರೀಕ್ಷಿಸಿದ. ಅವನ ಹೆಸರು ಹೊತ್ತ ಆ ಕಾಯಿಲೆ ಹೆಚ್ಚಾಗಿ ಬರುವುದು ಹೊಗೆ ಸೇದುವ ಎಳೆಯ ವಯಸ್ಸಿನ ಗಂಡಸರಿಗೆ. ನಮ್ಮ ದೇಶದಲ್ಲಿ ಅದರ ನೆಂಟಸ್ತಿಕೆ ಬೀಡಿಯೊಂದಿಗೆ. ಸೇದುವುದನ್ನು ಪೂರ್ತಿ ಬಿಟ್ಟವರಲ್ಲಿ ಹೆಚ್ಚಿನವರ ಕಾಲು ಉಳಿಯುತ್ತದೆ. ಹುಣಸೂರಿನ ವರ್ಜೀನಿಯಾ ಎಲೆ ಸಿಗರೇಟಿಗೆ, ಅದರಲ್ಲೂ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ಬ್ಯಾರನ್ನಿಗೆ ಸೌದೆ ತುಂಬುವವನ ಬೆರಳಲ್ಲಿರುವುದು ಬೇರೆ ಕಡೆಯ ಸೊಪ್ಪಿನ ಬೀಡಿ. ಬೆಳೆಯುವುದರಿಂದ ನಾಳ ಕಟ್ಟುವುದಿಲ್ಲ, ಸೇದುವುದರಿಂದ ಕಟ್ಟುತ್ತದೆ. ಈ ವ್ಯತ್ಯಾಸವನ್ನು ಹೇಳದೆ ಜಾಗೃತಿ ಮೂಡಿಸಲು ಹೋದರೆ ರೈತರು ಬೆಳೆಯ ಮೇಲಿನ ದಾಳಿ ಎಂದುಕೊಂಡು ಎದ್ದುಹೋಗುತ್ತಾರೆ, ಅದು ಸಹಜವೂ ಹೌದು.

ಸಕ್ಕರೆ ಕಾಯಿಲೆ ಇದಕ್ಕೆ ಇನ್ನೊಂದು ದಾರಿ. ಅಲ್ಲಿ ನರಗಳೇ ಜೋಮುಗಟ್ಟಿ ನೋವು ಗೊತ್ತಾಗದೆ ಹೋಗಬಹುದು. ಮೊದಲು ಕಾಣಿಸುವುದು ತಣ್ಣಗಾದ ಪಾದ, ಮಾಯದ ಗಾಯ. ಬರಿಗಾಲಲ್ಲಿ ಹೊಲಕ್ಕಿಳಿಯುವವರಿಗೆ ಗಾಯವೇನೂ ಹೊಸದಲ್ಲ, ಹಾಗಾಗಿ ಅದೂ ಲೆಕ್ಕಕ್ಕೆ ಬರುವುದಿಲ್ಲ.

ಪತ್ತೆಹಚ್ಚುವ ಉಪಾಯ ಹಳೆಯದು. 1950ರಲ್ಲಿ ಟ್ರಾವಿಸ್ ವಿನ್ಸರ್ ಕಾಲಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸಿ ನೋಡಿದ. ಈಗ ಕಣಕಾಲಿನ ಒತ್ತಡವನ್ನು ತೋಳಿನದರಿಂದ ಭಾಗಿಸುತ್ತಾರೆ. ಉತ್ತರ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಡುಸಾಗಿ ಲೆಕ್ಕ ತಪ್ಪುವುದುಂಟು, ಅವರಿಗೆ ಬೇರೆ ಪರೀಕ್ಷೆಯೂ ಬೇಕಾಗುತ್ತದೆ. ಉಳಿದಂತೆ ಬೇಕಾದದ್ದು ಬಿ.ಪಿ. ಪಟ್ಟಿ, ಅಂಗೈಯಗಲದ ಡಾಪ್ಲರ್ ಯಂತ್ರ, ಮತ್ತು ಹತ್ತು ಹದಿನೈದು ನಿಮಿಷ ಮಲಗಲು ಒಂದು ಬೆಂಚು. ಹರಾಜಿನ ದಿನ ಬೇಲು ಇಳಿಸಿ ಸರದಿಗೆ ಕಾಯುವ ರೈತರಿಗೆ ಅಷ್ಟು ಹೊತ್ತು ಇದ್ದೇ ಇರುತ್ತದೆ.